ಹೊಳೆಯ ಪದ್ಯದ ನಾಲ್ಕನೆಯ ಸಾಲು

ಹಳದೀಪುರದ ಸ್ಟಾಪಿನಲ್ಲಿ ಬಸ್ಸು ಹತ್ತುವ ಮೊದಲು ತ್ರ್ಯಂಬಕ ಹೆಗಲ ಚೀಲದೊಳಗೆ ಕೈ ಹಾಕಿ ಸ್ಟ್ರಾ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಇತ್ತು. ಎಳನೀರಿಗೆ ಹಾಕಿಕೊಡುವಂಥ, ಬಿಳಿಯ ಮೇಲೆ ಕೆಂಪು ಗೆರೆಯ, ಅರ್ಧಕ್ಕೆ ಕತ್ತರಿಸಿದ ಸ್ಟ್ರಾ. ಅದನ್ನು ಕನ್ನಡಕದ ಡಬ್ಬಿಯೊಳಗೆ ಮಲಗಿಸಿ ಕನ್ನಡಕವನ್ನು ಅಂಗಿಯ ಜೇಬಿಗೆ ಇಳಿಬಿಟ್ಟಿದ್ದ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಹತ್ತೊಂಬತ್ತು ಶ್ರಾವಣ ಊರ ದೇವಸ್ಥಾನದ ಜಗಲಿಯಲ್ಲಿ ಕಾವ್ಯ ಓದಿದವನು, ಈಗ ಲೋಟದ ನೀರಿನಲ್ಲಿ ಗುಳ್ಳೆ ಎಬ್ಬಿಸುವುದನ್ನು ಕಲಿಯಲು ಭಟ್ಕಳದವರೆಗೆ ಹೋಗುತ್ತಿದ್ದೇನೆ ಎನ್ನುವುದು ಯಾರಿಗಾದರೂ ತಿಳಿದರೆ ಏನಾದೀತು ಎಂದು ಯೋಚಿಸುವಾಗಲೇ ದವಡೆ ಬಿಗಿದುಕೊಂಡಿತು. ಬಿಡಬೇಕು. ದವಡೆ ಬಿಡಬೇಕು. ಕುಮಟೆಯಲ್ಲಿ, ಹೊನ್ನಾವರದಲ್ಲಿ ಹೆಜ್ಜೆಗೊಬ್ಬ ಹಳೆಯ ವಿದ್ಯಾರ್ಥಿ ಸಿಗುತ್ತಾನೆ. ಭಟ್ಕಳದಲ್ಲಾದರೆ ತನ್ನನ್ನು ಯಾರೂ ಬಲ್ಲವರಿಲ್ಲ ಎಂದೇ ಅಷ್ಟು ದೂರ ಆರಿಸಿಕೊಂಡದ್ದು. ಹೆಂಡತಿಗೂ ನಿಜ ಹೇಳಿರಲಿಲ್ಲ. ಬೆಳಿಗ್ಗೆ ಮೂಕಾಂಬಿಕಾ ದೋಸೆ ಮಗುಚುತ್ತ, "ಇವತ್ತೂ ಹಲ್ಲಿನ ಡಾಕ್ಟ್ರ ಹತ್ರ ಹೋಪದ? ಹೊನ್ನಾವರದಲ್ಲಿ ಹಲ್ಲು ಕೀಳವ್ವು ಯಾರೂ ಇಲ್ಯನ?" ಎಂದಿದ್ದಳು. "ಭಟ್ಕಳದವ್ರು ಒಳ್ಳೇವ್ರಡ" ಎಂದಿದ್ದ. "ಒಂದು ಹಲ್ಲಿಗೆ ಆರು ಸಲ. ಬಚ್ಚಲಲ್ಲಿ ನಿಂತ್ಕಂಡು ಬುರ್ ಬುರ್ ಮಾಡದೂ ಆ ಹಲ್ಲಿಗೇಯ?" ಎಂದು ಅವಳು ತಿರುಗಿ ನೋಡದೆಯೇ ಕೇಳಿದಾಗ ಅವನು ದೋಸೆಯ ಅಂಚನ್ನು ಬಹಳ ಹೊತ್ತು ಅಗಿದಿದ್ದ.

ಸೀಟು ಸಿಕ್ಕಿತು. ಮನೆಪಾಠ ಮಾಡಬೇಕಿತ್ತು. ತುಟಿ ಮುಚ್ಚಿ, ಒಳಗೆ ಹಲ್ಲು ಬಿಡಿಸಿ, ನಾಲಿಗೆಯನ್ನು ಕೆಳಗೆ ಮಲಗಿಸಿ ಮೆಲ್ಲಗೆ 'ಮ್' ಎನ್ನಬೇಕು. ಮೂಗಿನ ಬುಡದಲ್ಲಿ ದುಂಬಿ ಕೂತಂತೆ ಜುಂ ಎನ್ನಬೇಕು. ಗಂಟಲಿಗೆ ಮಾತ್ರ ಸುದ್ದಿಯೇ ತಿಳಿಯಬಾರದು. ಕಿಟಕಿಗೆ ಮುಖ ಮಾಡಿ ಬಸ್ಸಿನ ಸದ್ದಿನಡಿ ತನ್ನ ಸದ್ದನ್ನು ಅಡಗಿಸಿಕೊಂಡು 'ಮ್' ಎಂದ. ಪಕ್ಕದಲ್ಲಿ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟು ಕೂತಿದ್ದ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸಲ, "ವಾಂತಿ ಬರ್ತದಾ?" ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. "ನಾಚ್ಕಳ್ಬೇಡಿ, ನಮ್ಮ ಮನೆಯವ್ರಿಗೂ ಹಿಂಗೇ. ಶರಾವತಿ ಸೇತುವೆ ಬಂದ್ರೆ ಸಾಕು, ಶುರು" ಎಂದು ಬುಟ್ಟಿಯನ್ನು ಅವನಿಂದ ಆಚೆ ಸರಿಸಿ, ಪ್ಲಾಸ್ಟಿಕ್ ಚೀಲವೊಂದನ್ನು ಬಿಡಿಸಿ ಅವನ ಕೈಗಿಟ್ಟಳು. ಹೊನ್ನಾವರದಲ್ಲಿ ಅವಳು ಇಳಿಯುವವರೆಗೂ ಅವನು ಆ ಚೀಲವನ್ನು ಬಾಯಿಯ ಕೆಳಗೆ ಹಿಡಿದುಕೊಂಡೇ ಕೂತಿದ್ದ. ಸುಳ್ಳು ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು. ಜನ ತಾವಾಗಿಯೇ ಒಂದು ಅರ್ಥ ಹಚ್ಚಿಕೊಟ್ಟಾಗ ಅದರೊಳಗೆ ತೆಪ್ಪಗೆ ಕೂತುಬಿಡುವುದು ಅವನಿಗೆ ಎರಡು ವರ್ಷದಿಂದ ರೂಢಿಯಾಗಿತ್ತು.

ಎರಡು ವರ್ಷದ ಹಿಂದೆ, ಶ್ರಾವಣದ ಎರಡನೆಯ ಶನಿವಾರ, ಹೊಳೆಯ ಪದ್ಯದ ನಾಲ್ಕನೆಯ ಸಾಲಿನಲ್ಲಿ ಗಂಟಲು ಮೊದಲ ಸಲ ಮುಚ್ಚಿಕೊಂಡಿತ್ತು. ಲೋಕಕ್ಕೆ ಅಂಜಿದ ತಾಯಿಯೊಬ್ಬಳು ಹೆತ್ತ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ನೀರಿಗೆ ಬಿಡುವ ಪದ್ಯ ಅದು. ಊರವರೆಲ್ಲ ಹೊಳೆಯ ಪದ್ಯ ಎಂದೇ ಕರೆಯುತ್ತಾರೆ. ಆರು ಸಾಲು. ಮೊದಲ ಮೂರು ದಡದ ಮೇಲೇ ನಿಂತಿರುತ್ತವೆ. ನಾಲ್ಕನೆಯದರಲ್ಲಿ ಪೆಟ್ಟಿಗೆ ಕೈ ಬಿಡುತ್ತದೆ. ಅಲ್ಲಿ ಸ್ವರ ಮೇಲಿನ ಷಡ್ಜಕ್ಕೆ ಏರಿ ಒಂದು ಗಳಿಗೆ ನಿಲ್ಲಬೇಕು. ನಿಲ್ಲಲಿಲ್ಲ. ಒಳಗಿನಿಂದ ಯಾರೋ ಹಿಸುಕಿದಂತಾಗಿ ಅಕ್ಷರದ ಅರ್ಧ ಹೊರಗೆ ಬಿತ್ತು, ಅರ್ಧ ಒಳಗೇ ಉಳಿಯಿತು. ಅವಮಾನದಿಂದ ತಲೆ ತಗ್ಗಿಸಿದ. ಕೆಮ್ಮು ತಡೆದದ್ದಕ್ಕೆ ಕಣ್ಣಲ್ಲಿ ನೀರು ಬಂತು. ಮುಗಿಯಿತು, ಇನ್ನು ಈ ಪೀಠ ಬಿಟ್ಟೆ ಎಂದುಕೊಳ್ಳುತ್ತಿರುವಾಗ ಹೆಂಗಸರ ಸಾಲಿನಿಂದ ಒಂದು ಬಿಕ್ಕು ಕೇಳಿಸಿತು. ಮತ್ತೊಂದು. ಪಕ್ಕದಲ್ಲಿ ಅರ್ಥ ಹೇಳಲು ಕೂತಿದ್ದ ಸುಹಾಸ, ಕುಮಟೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಚುರುಕು ಮಾತಿನವನು, ಮೈಕನ್ನು ತನ್ನತ್ತ ಎಳೆದುಕೊಂಡು, "ಮಹನೀಯರೇ, ಇದು ಕಂಠ ಸೋತದ್ದಲ್ಲ. ಭಕ್ತಿ ಗೆದ್ದದ್ದು" ಎಂದುಬಿಟ್ಟ. ಮುಗಿದ ಮೇಲೆ ಜನ ಸಾಲುಗಟ್ಟಿ ಕಾಲಿಗೆ ಬಿದ್ದರು. ಯಾರೋ ಫೋನಿನಲ್ಲಿ ಹಿಡಿದ ಆ ನಲವತ್ತು ಸೆಕೆಂಡು ಮನೆಯಿಂದ ಮನೆಗೆ ಹೋಯಿತು. ಗದ್ಗದ ಕಂಠದ ಮಾಸ್ತರು ಎಂದು ಹೆಸರಾಯಿತು. ಮುಂದಿನ ಶ್ರಾವಣಕ್ಕೆ ಜಗಲಿ ಸಾಲದೆ ಶಾಮಿಯಾನ ಹಾಕಿದರು, ಗಂಟಲು ಅದೇ ಸಾಲಿನಲ್ಲಿ ತಾನಾಗಿಯೇ ಮುಚ್ಚಿಕೊಂಡಿತು, ಮುಚ್ಚಿಕೊಂಡಿತಲ್ಲ ಎಂದು ಅವನಿಗೆ ಎಂಥದೋ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ಮೈ ಮುದುಡಿಕೊಳ್ಳುತ್ತದೆ. ಈ ವರ್ಷ ಚೈತ್ರ ಕಳೆಯುವಷ್ಟರಲ್ಲಿ ಅದು ಎಲ್ಲ ಸಾಲುಗಳಲ್ಲೂ ಮುಚ್ಚತೊಡಗಿತು. ಸಂಧ್ಯಾವಂದನೆಯಲ್ಲಿ ಮುಚ್ಚಿತು. ಚಹಾ ಎಂದು ಹೆಂಡತಿಯನ್ನು ಕೂಗಲು ಹೋದರೆ ಮುಚ್ಚಿತು. ಹೊನ್ನಾವರದ ಡಾಕ್ಟರು ಮೂಗಿನಿಂದ ನಳಿಕೆ ಇಳಿಸಿ ನೋಡಿ, ಗಂಟೂ ಇಲ್ಲ, ಹುಣ್ಣೂ ಇಲ್ಲ, ಬರೀ ಬಿಗಿತ, ಎಂದು ಚೀಟಿಯಲ್ಲಿ ಒಂದು ಹೆಸರು ಬರೆದುಕೊಟ್ಟರು: ಅರ್ಚನಾ, ಧ್ವನಿ ತರಬೇತಿ, ಭಟ್ಕಳ.

ಭಟ್ಕಳದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಾಳಿಗೆ. ಕೆಳಗೆ ಬಟ್ಟೆಯ ಥಾನುಗಳ ನಡುವೆ ತಮ್ಮ ನವಾಯತಿ ಭಾಷೆಯಲ್ಲಿ ಹರಟುತ್ತಿದ್ದ ಅಂಗಡಿಯವರು ಮೊದಲ ದಿನ ಅವನ ಚೀಟಿಯನ್ನು ನೋಡುವ ಮೊದಲೇ, "ಟೀಚರಾ? ಮೇಲೆ ಹೋಗಿ ಸಾಬ್. ಗಂಟ್ಲು ಹಿಡ್ಕೊಂಡು ಬರೋರೆಲ್ಲ ಮೇಲೇ" ಎಂದು ನಕ್ಕಿದ್ದರು. ಮೂವತ್ತು ದಾಟಿದ, ಕಪ್ಪಗೆ ಎತ್ತರವಾಗಿದ್ದ ಹೆಂಗಸು ಬಾಗಿಲಲ್ಲಿ ನಿಂತು "ಬನ್ನಿ ಮಾಸ್ತರೆ" ಎಂದಳು. ಮಾಸ್ತರೆ ಎಂದದ್ದಕ್ಕೆ ಬೆಚ್ಚಿದ. ಆಮೇಲೆ ತಾನೇ ಸಮಾಧಾನ ಹೇಳಿಕೊಂಡ. ಹೆಗಲಚೀಲ, ನರೆತ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಇಂಥವರನ್ನು ಈ ಸೀಮೆಯಲ್ಲಿ ಮಾಸ್ತರೆ ಎನ್ನದೆ ಇನ್ನೇನು ಅಂದಾರು. ಮುಖ ನೋಡಿ ಅವನಿಗೆ ಗುರುತು ಸಿಕ್ಕಿರಲಿಲ್ಲ. ಹೆಸರಿನಿಂದಲೂ ಸಿಕ್ಕಿರಲಿಲ್ಲ, ಅವನು ಪಾಠ ಹೇಳಿದ ಅರ್ಚನಾಗಳೇ ಹತ್ತು ಹದಿನೈದು. "ಮೊದ್ಲು ನಾ ಮಾಡಿ ತೋರಿಸ್ತೆ, ಕಾಣಿ" ಎಂದು ಅವಳು ಭುಜ ಇಳಿಬಿಟ್ಟು, ಆಕಳಿಸುವವಳಂತೆ ಉಸಿರೆಳೆದು, ಒಂದು 'ಆ' ಬಿಟ್ಟಳು. ಅಷ್ಟೆ. ಆ ಸ್ವರಕ್ಕೆ ಮಾಳಿಗೆಯ ತಗಡು ಹೊದಿಕೆ ಸಣ್ಣಗೆ ಜುಮುಗುಟ್ಟಿತು. ತ್ರ್ಯಂಬಕನಿಗೆ ಕೂತ ಕುರ್ಚಿಯ ಕಾಲು ಮುರಿದಂತಾಯಿತು. ಇಪ್ಪತ್ತು ವರ್ಷದ ಹಿಂದೆ ಎರಡೇ ಎರಡು ದಿನ ಕೇಳಿದ್ದ ಸ್ವರ ಅದು. ಮೂರನೆಯ ದಿನ ಅದನ್ನು ಅವನೇ ನಿಲ್ಲಿಸಿದ್ದ.

ಕುಮಟೆಯಲ್ಲಿ ಶಾಲಾ ಮಕ್ಕಳ ವಾಚನ ಸ್ಪರ್ಧೆ. ಹತ್ತು ಹುಡುಗಿಯರ ಗುಂಪು, ಇದೇ ಹೊಳೆಯ ಪದ್ಯ. ಎಂಟನೆಯ ಇಯತ್ತೆಯ ಈ ಹುಡುಗಿ, ಬಂದರದ ಬದಿಯಲ್ಲಿ ಮೀನು ಮಾರುವ ದುರ್ಗಮ್ಮನ ಮಗಳು, ಬಾಯಿ ತೆರೆದರೆ ಉಳಿದ ಒಂಬತ್ತು ಸ್ವರಗಳು ಎಲ್ಲಿ ಹೋದವೋ ತಿಳಿಯುತ್ತಿರಲಿಲ್ಲ. ಗುಂಪಿನಲ್ಲಿ ಹೊಂದಬೇಕಲ್ಲ ಎಂದು ಅವನು ಹೇಳಿಕೊಂಡಿದ್ದ. ಅದು ಸುಳ್ಳೂ ಅಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ "ಬಂದರದ ಸ್ವರ ಮಾರಾಯ್ರೆ, ಹರಾಜು ಕೂಗ್ತಾ ಇದ್ದ ಹಾಂಗೆ" ಎಂದವನೂ ಅವನೇ, ಅದಕ್ಕೆ ಎಲ್ಲರೂ ನಕ್ಕದ್ದೂ ನೆನಪಿದೆ. ಅವಳನ್ನು ಬಿಟ್ಟರೆ ಸಂಖ್ಯೆ ಒಂಬತ್ತಾಗುತ್ತಿತ್ತು, ಹತ್ತು ಬೇಕೆಂಬ ನಿಯಮ. ಹಾಗಾಗಿ ಅವಳನ್ನು ಬದಿಗೆ ಕರೆದು ಹೇಳಿದ: "ನೀನು ಬಾಯಿ ಆಡಿಸು ಸಾಕು. ಸ್ವರ ಬೇಡ." ಅವಳು, "ಪೂರಾ ಪದ್ಯಕ್ಕಾ ಸರ್?" ಎಂದಳು. "ಪೂರಾ ಪದ್ಯಕ್ಕೆ." ಮೊದಲ ಬಹುಮಾನ ಬಂತು. ಹತ್ತು ಸರ್ಟಿಫಿಕೇಟು ಬಂದವು. ಅವಳದನ್ನೂ ಅವನೇ ಬೆನ್ನು ತಟ್ಟಿ ಕೊಟ್ಟಿದ್ದ.

ಆಮೇಲಿನ ಪಾಠಗಳೆಲ್ಲ ಅವನಿಗೆ ಶಿಕ್ಷೆಯ ಹಾಗೆ ಕಂಡವು. ಶಿಕ್ಷೆಯೆಂದರೆ ಶಿಕ್ಷೆಯೇ ಎಂದು ಒಳಗೊಳಗೆ ಒಂದು ಬಗೆಯ ಹಸಿವಿನಿಂದ ಒಪ್ಪಿಕೊಂಡ. ನಾಲಿಗೆ ಪೂರಾ ಹೊರಗೆ ಹಾಕಿ 'ಆ' ಎನ್ನಬೇಕು. ತುಟಿಗಳನ್ನು ಬುರ್ರೆನ್ನಿಸುತ್ತ ಕೆಳಗಿನಿಂದ ಮೇಲಕ್ಕೆ, ಮಕ್ಕಳು ದೋಣಿಯ ಮೋಟಾರು ಅಣಕಿಸುವ ಹಾಗೆ. ಅಂಗೈಯಿಂದ ಕೆನ್ನೆಯ ಗಂಟನ್ನು ಕೆಳಕ್ಕೆ ತಿಕ್ಕಿ ದವಡೆಯನ್ನು ತೂಗುಬಿಡಬೇಕು, ಪೆದ್ದನ ಹಾಗೆ. ದವಡೆ ಮಾತ್ರ ಬಿಡುತ್ತಿರಲಿಲ್ಲ. ಐದು ವರ್ಷದ ಕೂಸಿದ್ದಾಗ ಮುಂಜಾವದ ಚಾಪೆಯ ಮೇಲೆ ಅಪ್ಪ ಅವನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಪದ್ಯ ಹೇಳಿಸುತ್ತಿದ್ದರು. ಮುಖ ಅಲುಗಬಾರದು, ಅಕ್ಷರ ಹಲ್ಲಿಗೆ ತಾಗಿ ಬರಬೇಕು. ಅಪ್ಪ ಹೋಗಿ ಮೂವತ್ತು ವರ್ಷವಾದರೂ ಆ ಎರಡು ಬೆರಳು ಅಲ್ಲೇ ಇದ್ದವು. "ನಾಚ್ಕೆ ಬಿಡಿ ಮಾಸ್ತರೆ" ಎನ್ನುತ್ತಿದ್ದಳು ಅರ್ಚನಾ. "ಹೋದ ವಾರ ಒಬ್ರು ವಕೀಲ್ರು ಬಂದಿದ್ರು. ಕೋರ್ಟಲ್ಲಿ ಹುಲಿ, ಇಲ್ಲಿ ನಾಲಿಗೆ ಹೊರಗೆ ಹಾಕೂಕೆ ಅರ್ಧ ತಾಸು. ಕೈ ಕೊಡಿ. ನಿಮ್ಮ ಗಂಟ್ಲಿನ ಮಣಿ ಮೇಲೆ ಇಡಿ. ಈಗ ಆ ಮೇಲಿನ ಸ್ವರ ಹೇಳಿ… ಕಂಡ್ರಾ? ಹ್ಯಾಂಗೆ ಮೇಲೆ ಓಡ್ತು? ಕಾಲಿನ ಸಪ್ಪಳ ಕೇಳಿದ ಏಡಿ ಹಾಂಗೆ. ಸ್ವರ ಬರೂ ಮೊದ್ಲೇ ನೀವು ಬಾಗಿಲು ಹಾಕ್ತ್ರಿ. ಯಾರಿಗೆ ಹೆದರ್ತ್ರಿ?" ಅವಳು ಅದನ್ನು ಬರಿಯ ಪಾಠದ ಮಾತಾಗಿ ಕೇಳಿದಳೋ ಬೇರೆ ಏನೋ ಇಟ್ಟುಕೊಂಡು ಕೇಳಿದಳೋ ಎಂದು ಅವನು ವಾಪಸು ಬಸ್ಸಿನುದ್ದಕ್ಕೂ ತಿರುವಿ ಹಾಕುತ್ತಿದ್ದ. ಅವಳಿಗೆ ನೆನಪಿದೆಯೋ ಇಲ್ಲವೋ. ನೆನಪಿದ್ದರೆ ಯಾಕೆ ಇಷ್ಟು ತಾಳ್ಮೆ? ಇಲ್ಲದಿದ್ದರೆ ತಾನು ಇಷ್ಟು ಬೇಯುವುದು ಯಾರಿಗೆ? ಒಂದಂತೂ ಅವನಿಗೆ ಖಾತ್ರಿಯಾಯಿತು. ಬೇರೆ ಯಾವ ಪದ್ಯವೂ ಅಲ್ಲದೆ ಅವಳ ಬಾಯಿ ಮುಚ್ಚಿಸಿದ ಅದೇ ಪದ್ಯದಲ್ಲಿ ಗಂಟಲು ಹಿಡಿದದ್ದು ಸುಮ್ಮನೆ ಅಲ್ಲ. ದೇವರು ಗುರುತಿಟ್ಟು ಹಿಡಿದಿದ್ದಾನೆ. ಆ ಹುಡುಗಿಯ ಮುಂದೆ ಬಾಯಿ ಬಿಟ್ಟು ತಪ್ಪಾಯಿತು ಎಂದ ದಿನ ಗಂಟಲು ತಾನಾಗಿ ಬಿಡುತ್ತದೆ, ಅದಕ್ಕೆ ಮೊದಲು ಸ್ಟ್ರಾ, ಗುಳ್ಳೆ ಯಾವುದೂ ನಡೆಯುವುದಿಲ್ಲ. ಹೀಗೆ ಅಂದುಕೊಳ್ಳುವಾಗ ಅವನಿಗೆ ಪಶ್ಚಾತ್ತಾಪದ ಜತೆಗೆ ಒಂದು ಚೂರು ಹೆಮ್ಮೆಯೂ ಆಗುತ್ತಿತ್ತು. ಹಳದೀಪುರದ ಅಷ್ಟು ಗಂಟಲುಗಳ ನಡುವೆ ದೇವರು ತನ್ನದನ್ನು ಹುಡುಕಿಕೊಂಡು ಬಂದಿದ್ದಾನಲ್ಲ.

ಇವತ್ತು ಹೇಳಿಯೇಬಿಡಬೇಕು ಎಂದು ಮೆಟ್ಟಿಲು ಹತ್ತಿದ. ನಾಡಿದ್ದು ಶನಿವಾರ, ಹೊಳೆಯ ಪದ್ಯದ ದಿನ. ಇವತ್ತು ಆಗದಿದ್ದರೆ ಇನ್ನಿಲ್ಲ. ಅರ್ಚನಾ ಸ್ಟೀಲಿನ ಲೋಟದಲ್ಲಿ ನಾಲ್ಕು ಬೆರಳು ನೀರು ತಂದಿಟ್ಟಳು. ಅವನು ಕನ್ನಡಕದ ಡಬ್ಬಿ ತೆರೆದ. ಸ್ಟ್ರಾವನ್ನು ನೀರಿಗಿಳಿಸಿ ಊದುತ್ತ, ಗುಳ್ಳೆಗಳ ಮೇಲೆಯೇ ಹೊಳೆಯ ಪದ್ಯದ ಧಾಟಿಯನ್ನು ಅಕ್ಷರವಿಲ್ಲದೆ ಹೇಳಬೇಕು. ಗುಳುಗುಳು ಗುಳುಗುಳು ಎಂದು ಒಂದನೆಯ ಸಾಲು, ಎರಡನೆಯದು, ಮೂರನೆಯದು. ತಾಯಿಯ ಸಂಕಟವೆಲ್ಲ ಲೋಟದೊಳಗೆ ಗುಳ್ಳೆಯಾಗಿ ಒಡೆಯುತ್ತಿತ್ತು. ನಾಲ್ಕನೆಯದು ಬಂತು, ನೀರು ಒಂದೇ ಸಮ ಕುದಿಯಿತು, ನಿಲ್ಲಲಿಲ್ಲ. "ಹಾಂ! ಕಂಡ್ರಾ, ಏಡಿ ಮಲಗಿತು" ಎಂದಳು. ಹತ್ತು ಸಲ ಮಾಡಿಸಿದಳು. ಹತ್ತನೆಯದು ಮುಗಿದು ಸ್ಟ್ರಾ ಕೆಳಗಿಟ್ಟ ಕೂಡಲೇ ಅವನು ಕಣ್ಣು ಮುಚ್ಚಿ, "ಅರ್ಚನಾ, ಒಂದು ಮಾತು ಹೇಳೂದಿದೆ. ಇಪ್ಪತ್ತು ವರ್ಷದ ಹಿಂದೆ ಕುಮಟೆಯಲ್ಲಿ…" ಎಂದ. "ಶ್!" ಎಂದು ಅವಳು ಕೈಯೆತ್ತಿದಳು. "ಈಗ ಹತ್ತು ನಿಮಿಷ ಮಾತಿಲ್ಲ. ಗಂಟ್ಲು ಈಗಷ್ಟೇ ಬಿಟ್ಟದೆ. ಮಾತಾಡಿದ್ರೆ ಮತ್ತೆ ಹಿಡೀತದೆ. ಎಂತದಿದ್ರೂ ಆಮೇಲೆ." ಅವಳ ಮುಖದಲ್ಲಿ ಏನೂ ಇರಲಿಲ್ಲ. ಗೋಡೆಯ ಗಡಿಯಾರಕ್ಕೆ ಬೆನ್ನು ಮಾಡಿ ಲೋಟ ತೊಳೆಯಲು ಹೋದಳು. ತನಗೆ ಆಗಿದ್ದು ನಿರಾಸೆಯಲ್ಲ, ಬಿಡುಗಡೆ ಎಂದು ತಿಳಿದಾಗ ತ್ರ್ಯಂಬಕ ತನ್ನ ಕೈಗಳನ್ನು ನೋಡಿಕೊಂಡ.

ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ದಪ್ಪ ಕನ್ನಡಕದ ಮುದುಕಿಯೊಬ್ಬಳು ಬಾಗಿಲು ಹಿಡಿದು ನಿಂತಳು. ಕೈಯಲ್ಲಿ ಔಷಧದ ಚೀಲ. ಅವನನ್ನು ಒಂದು ಗಳಿಗೆ ನೋಡಿ, "ಅಯ್ಯ, ಇವ್ರು ನಮ್ಮ ಪದ್ಯದ ಮಾಸ್ತರಲ್ವನೆ! ಹೌದು ಅಂಬೆ. ನಂಗೆ ಕಣ್ಣು ಮಂಜು, ಆದ್ರೂ ಮೂಗು ಅದೇ" ಎಂದು ಗಟ್ಟಿಯಾಗಿ ನಕ್ಕಳು. ದುರ್ಗಮ್ಮ. ಅವನು ಎದ್ದು ಕೈ ಮುಗಿದ, ಬಾಯಿ ತೆರೆಯುವಷ್ಟರಲ್ಲಿ ಅರ್ಚನಾ ಒಳಗಿನಿಂದ, "ಅಮ್ಮ, ಅವ್ರನ್ನ ಮಾತಾಡಿಸ್ಬೇಡ. ಅವ್ರಿಗೆ ಮಾತು ಇಲ್ಲ ಈಗ" ಎಂದಳು. "ಇಲ್ದಿದ್ರೆ ಬ್ಯಾಡ. ಕಿವಿ ಅದೆ ಅಲ್ವಾ, ನಾ ಆಡ್ತೆ" ಎಂದು ಮುದುಕಿ ಎದುರಿನ ಸ್ಟೂಲಿನ ಮೇಲೆ ಕೂತಳು. "ನಿಮ್ಮ ಹೆಸ್ರು ನಮ್ಮನೇಲಿ ದಿನಾ ಬತ್ತದೆ ಮಾಸ್ತರೆ. ಆ ಸರ್ಟಿಫಿಕೇಟು ಕಟ್ ಹಾಕ್ಸಿ ದೇವ್ರ ಫೋಟೋದ ಬದಿಗೇ ಇಟ್ಟಿದೆ. ಇವ್ಳು ತೆಗಿ ತೆಗಿ ಅಂತಾಳೆ, ನಾ ತೆಗೀಲಿಲ್ಲ. ಆ ದಿವ್ಸ ಕುಮಟೆಗೆ ನಾನೂ ಬಂದಿದ್ದೆ, ಗೊತ್ತದ್ಯಾ? ಇವ್ಳಿಗೂ ಹೇಳಿರ್ಲಿಲ್ಲ. ಬುಟ್ಟಿಯಲ್ಲಿ ಅರ್ಧ ಬಂಗಡೆ ಹಾಂಗೇ ಇತ್ತು, ಪಕ್ಕದಲ್ಲಿ ಮೀನು ಮಾರೂ ಗಂಗಿ ಹತ್ರ ಕೊಟ್ಟು, ಕೈ ತೊಳ್ಕಂಡು, ಬಸ್ಸು ಹತ್ತಿದ್ದು. ವಾಸ್ನೆ ಅಂತ ಯಾರಾದ್ರೂ ಅಂದಾರು ಹೇಳಿ ಸ್ಪರ್ಧೆಯ ಹಾಲ್ ಹೊರಗೆ ಕಿಟಕಿ ಬದಿ ನಿಂತೆ. ಹತ್ತು ಹುಡ್ಗೀರು ಹೇಳ್ತಾ ಇದ್ರು. ನಾ ಕಿವಿ ಕೊಟ್ಟೆ, ಕೊಟ್ಟೆ, ಕೊಟ್ಟೆ. ಇವ್ಳ ಬಾಯಿ ಆಡ್ತದೆ, ಸ್ವರ ಮಾತ್ರ ನಂಗೆ ಸಿಕ್ಕಲಿಲ್ಲ." ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಎಂತ ಹೇಳೂದು. ಐವತ್ತು ಹೆಂಗಸ್ರು ಒಟ್ಟಿಗೆ ಕೂಗಿದ್ರೂ ಯಾರ ಸ್ವರ ಯಾರದ್ದು ಹೇಳಿ ನಾ ಕಣ್ಣು ಮುಚ್ಚಿ ಹೇಳ್ತೆ. ಹೆತ್ತ ಮಗಳದ್ದು ಸಿಕ್ಕಲಿಲ್ಲ. ನನ್ನ ಕಿವಿಯೇ ಕೆಟ್ಟದೆ ಅಂತ ಮಾಡ್ದೆ. ಆಮೇಲೆ ಹರಾಜಿನ ಹತ್ರ ನಿಂತ್ರೂ ನಂಗೆ ಧೈರ್ಯ ಇಲ್ಲ, ಸರಿ ಕೇಳ್ತದೋ ಇಲ್ವೋ, ಸರಿ ಕೇಳ್ತದೋ ಇಲ್ವೋ. ಎರಡು ವರ್ಷದಾಗೆ ಬುಟ್ಟಿ ಬಿಟ್ಟೆ."

ಒಳಗೆ ನೀರಿನ ಸದ್ದು ನಿಂತಿತ್ತು. ಅರ್ಚನಾ ಲೋಟವನ್ನು ಸೆರಗಿಗೆ ಒರೆಸುತ್ತ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ನೆನಪಿತ್ತು. ಬಾಯಿ ಆಡಿಸಿದ್ದು ಗುರುವಿನ ಅಪ್ಪಣೆಯೆಂದು ತಾಯಿಗೆ ಇಪ್ಪತ್ತು ವರ್ಷ ಹೇಳದೆ ಇದ್ದುದೂ, ಆ ಮಾತು ಆಡಿದರೆ ಕಿಟಕಿಯ ಹೊರಗೆ ನಿಂತ ತಾಯಿಯ ನೋವು ಇನ್ನಷ್ಟು ಹೆಚ್ಚುತ್ತದೆಂದು ನುಂಗಿಕೊಂಡದ್ದೂ ಅವಳ ಲೋಟ ಒರೆಸುವ ಕೈಯಲ್ಲೇ ಅವನಿಗೆ ಕಂಡಿತು. ಅವಳು ಗಡಿಯಾರ ನೋಡಿದಳು. "ಹತ್ತು ನಿಮಿಷ ಆತು. ಈಗ ಮಾತಾಡಬಹುದು ಮಾಸ್ತರೆ" ಎಂದಳು. ಅವನನ್ನೇ ನೋಡಿದಳು. "ಎಂತದೋ ಹೇಳೂದಿತ್ತಲ್ಲ." ಮುದುಕಿಯೂ ಮುಖವೆತ್ತಿದಳು. ಒಂದೇ ವಾಕ್ಯ ಸಾಕಿತ್ತು. ನಿಮ್ಮ ಕಿವಿ ಸರಿ ಇತ್ತು ದುರ್ಗಮ್ಮ, ನಾನೇ ಸ್ವರ ಬೇಡ ಎಂದಿದ್ದೆ. ವ್ಯಾಕರಣ ಸಮೇತ ಅದು ಬಾಯಿಯೊಳಗೆ ಸಿದ್ಧವಾಗಿ ನಿಂತಿತ್ತು; ಗಂಟಲಿನಲ್ಲಿ ಅಡ್ಡಿ ಎಳ್ಳಷ್ಟೂ ಇರಲಿಲ್ಲ. "ಬಸ್ಸಿನ ಹೊತ್ತಾಯ್ತು ಅಂತ ಹೇಳುವುದಿತ್ತು" ಎಂದ ತ್ರ್ಯಂಬಕ. ಅರ್ಚನಾ ಒರೆಸಿದ ಲೋಟವನ್ನು ಬೋರಲಿಟ್ಟಳು. "ಅಡ್ಡಿಲ್ಲ. ಹೋಗೂ ಮೊದ್ಲು ಆ ಪದ್ಯ ಒಂದು ಸಲ ಹೇಳಿ ಹೋಗಿ. ಪೂರಾ."

ಹೇಳಿದ. ನಾಲ್ಕನೆಯ ಸಾಲು ನೀರಿನ ಮೇಲೆ ಎಲೆ ತೇಲಿದಂತೆ ಏರಿ, ಷಡ್ಜದಲ್ಲಿ ನಿಂತು, ತನ್ನಷ್ಟಕ್ಕೆ ಇಳಿಯಿತು. ಇಪ್ಪತ್ತೈದರ ಹರೆಯದಲ್ಲೂ ಅದು ಅಷ್ಟು ಸಲೀಸಾಗಿ ಹೋಗಿರಲಿಲ್ಲ. ದುರ್ಗಮ್ಮ ಕೈ ಜೋಡಿಸಿ, "ಶನಿವಾರ ದೇವಸ್ಥಾನಕ್ಕೆ ನಾನೂ ಬತ್ತೆ" ಎಂದಳು. ಅರ್ಚನಾ ಮಾತ್ರ, "ಆತು. ಇನ್ನು ನೀವು ಬರೂದು ಬೇಡ. ನಿಮ್ಮ ಗಂಟ್ಲಿಗೆ ಎಂತದೂ ಇಲ್ಲ" ಎಂದಳು. ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಆ ಮಾತಿನ ಅರ್ಥ ಹತ್ತಿತು. ತಪ್ಪನ್ನು ಒಪ್ಪಿಕೊಳ್ಳದೆಯೇ, ಒಪ್ಪಿಕೊಳ್ಳುವ ಅವಕಾಶವನ್ನು ಕಾಲಿಂದ ಬದಿಗೆ ಸರಿಸಿದ ಮರುಗಳಿಗೆಯಲ್ಲೇ ಗಂಟಲು ಪೂರಾ ತೆರೆದುಕೊಂಡಿತ್ತು. ಹಾಗಾದರೆ ಅಲ್ಲಿ ದೇವರೂ ಇರಲಿಲ್ಲ, ಆ ಹುಡುಗಿಯೂ ಇರಲಿಲ್ಲ. ಇದ್ದದ್ದು ದವಡೆಯ ಎರಡು ಗಂಟು, ನಾಲಿಗೆಯ ಬುಡ. ಅರ್ಧ ಸ್ಟ್ರಾ ಮತ್ತು ನಾಲ್ಕು ಬೆರಳು ನೀರಿಗೆ ಬಿಟ್ಟುಹೋಗುವಂಥದ್ದನ್ನು ತಾನು ಪಾಪವೆಂದು ಪೂಜಿಸಿಕೊಂಡು ಬಂದಿದ್ದ. ಶರಾವತಿಯ ಸೇತುವೆಯ ಮೇಲೆ ಕಿಟಕಿಯಿಂದ ಸ್ಟ್ರಾವನ್ನು ಎಸೆಯಬೇಕೆಂದು ಕೈಗೆ ತೆಗೆದುಕೊಂಡ. ಮುಂದಿನ ವರ್ಷಕ್ಕೆ ಬೇಕಾದೀತು ಎಂದು ಮತ್ತೆ ಡಬ್ಬಿಯಲ್ಲಿಟ್ಟ.

ಶನಿವಾರ ಸಂಜೆ ನಾಲ್ಕಕ್ಕೇ ಶಾಮಿಯಾನ ತುಂಬಿತ್ತು. ಮೂಕಾಂಬಿಕಾ ಹೆಂಗಸರ ಮೊದಲ ಸಾಲಿನಲ್ಲಿ, ಇಸ್ತ್ರಿಯ ಸೆರಗಿನ ತುದಿಯನ್ನು ಆಗಲೇ ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಸುಹಾಸ ಕಿವಿಯ ಹತ್ತಿರ ಬಾಗಿ, "ಸಿದ್ದಾಪುರ ಬದಿಂದ್ಲೂ ಜನ ಬೈಂದ ಮಾಸ್ತರೆ. ಎಲ್ಲ ಆ ಪದ್ಯಕ್ಕೇಯ. ಅದಕ್ಕೆ ಮುಂಚೆ ಆನು ಒಂದು ಪೀಠಿಕೆ ಹಾಕ್ತೆ. ನಿಂಗ ಗಡಿಬಿಡಿ ಮಾಡಡಿ, ಬಪ್ಪದು ಬರ್ಲಿ" ಎಂದ. ಓದು ಶುರುವಾಯಿತು. ಸ್ವರ ತೆರೆದ ಬಾಗಿಲಿನಿಂದ ಬೆಳಕು ಬಂದ ಹಾಗೆ ಬಂತು. ಎಷ್ಟೋ ವರ್ಷದ ಮೇಲೆ ಪ್ರತಿ ಅಕ್ಷರಕ್ಕೂ ಮೈ ಇತ್ತು, ಉಸಿರಿತ್ತು. ಒಂದು ಪದ್ಯವಾಯಿತು, ಹತ್ತಾಯಿತು. ಜನ ಕೇಳುತ್ತಿದ್ದರು, ಆದರೆ ಹಣ್ಣು ಕೊಳ್ಳಲು ಬಂದವರು ಎಲೆ ನೋಡುವಂತೆ ಕೇಳುತ್ತಿದ್ದರು. ಮುಂದೆ ಕೂತ ಹಿರಿಯರೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ಮೈಕಿಗಿಂತ ಸ್ಪಷ್ಟವಾಗಿ ಕೇಳಿಸಿತು: "ಸ್ವರ ರಾಶಿ ಚೊಲೊ ಇದ್ದು. ಆದ್ರೆ ಆ ಭಾವ ಇಲ್ಲೆ." ಸುಹಾಸ ಪೀಠಿಕೆ ಹಾಕಿದ. ಹೆತ್ತ ಕರುಳು ಎಂದ, ಕಣ್ಣೀರಿಲ್ಲದೆ ಈ ಪದ್ಯ ದಾಟಿದವರಿಲ್ಲ ಎಂದ, ನಮ್ಮ ಮಾಸ್ತರರಿಗೆ ಇದು ಓದಲ್ಲ, ಅನುಭವ ಎಂದ. ಫೋನುಗಳು ಒಂದೊಂದಾಗಿ ಮೇಲೆದ್ದವು. ತ್ರ್ಯಂಬಕ ತಲೆಯೆತ್ತಿದಾಗ ಶಾಮಿಯಾನದ ಕೊನೆಯ ಗಳುವಿನ ಹತ್ತಿರ, ಚಪ್ಪಲಿ ಬಿಟ್ಟ ಜಾಗಕ್ಕೆ ತಾಗಿ, ದಪ್ಪ ಕನ್ನಡಕದ ದುರ್ಗಮ್ಮ ಕಂಡಳು. ಪಕ್ಕದಲ್ಲಿ ಅರ್ಚನಾ.

ಒಂದನೆಯ ಸಾಲು. ಎರಡನೆಯದು. ಮೂರನೆಯದು ದಡಕ್ಕೆ ಬಂದು ನಿಂತಿತು. ಉಸಿರು ಹೊಟ್ಟೆಯ ತಳದಲ್ಲಿತ್ತು, ದವಡೆ ತೂಗುತ್ತಿತ್ತು, ಏಡಿ ತನ್ನ ಬಿಲದಲ್ಲಿ ನಿದ್ದೆ ಹೋಗಿತ್ತು. ಮೊದಲ ಸಾಲಿನ ಹೆಂಗಸರು ಸೆರಗನ್ನು ಮೂಗಿನ ತನಕ ತಂದುಕೊಂಡಿದ್ದರು. ಸ್ವರವನ್ನು ಬಿಟ್ಟರೆ ಸಾಕಿತ್ತು, ಅದು ತಾನೇ ಹೋಗುತ್ತಿತ್ತು. ತ್ರ್ಯಂಬಕ ನಾಲ್ಕನೆಯ ಸಾಲನ್ನು ಎತ್ತಿಕೊಂಡು, ಯಾವ ಯಾವುದನ್ನು ಬಿಡಬೇಕೆಂದು ಆರು ಪಾಠಗಳಲ್ಲಿ ಕಲಿತಿದ್ದನೋ ಅದನ್ನೆಲ್ಲ ಒಂದೊಂದಾಗಿ ಹಿಡಿದ. ನಾಲಿಗೆಯ ಬುಡವನ್ನು ಹಿಂದಕ್ಕೆಳೆದ. ಹಲ್ಲು ಕಚ್ಚಿದ. ಗಂಟಲಿನ ಮಣಿಯನ್ನು ತಾನೇ ಮೇಲಕ್ಕೋಡಿಸಿದ. ಅಕ್ಷರ ಅರ್ಧ ಹೊರಗೆ ಬಿತ್ತು, ಅರ್ಧ ಒಳಗೇ ಉಳಿಯಿತು. ತಲೆ ತಗ್ಗಿಸಿದ. ಹೆಂಗಸರ ಸಾಲಿನಿಂದ ಮೊದಲ ಬಿಕ್ಕು ಬಂತು. ಮೂಕಾಂಬಿಕಾಳದು. ಅವಳ ಹಿಂದೆ ಒಂದು ಸಾಲು, ಅದರ ಹಿಂದೆ ಇನ್ನೊಂದು, ಗಾಳಿಗೆ ಗದ್ದೆ ಬಾಗಿದ ಹಾಗೆ ತಲೆಗಳು ಬಾಗಿದವು. ಸುಹಾಸ ಮೈಕನ್ನು ತನ್ನತ್ತ ಎಳೆದುಕೊಂಡ.

ಬಾಗಿದ ತಲೆಗಳ ಮೇಲಿಂದ ಗಳುವಿನ ತನಕ ಈಗ ನೇರವಾಗಿ ಕಾಣುತ್ತಿತ್ತು. ಅರ್ಚನಾ ಅಳುತ್ತಿರಲಿಲ್ಲ. ಅವನನ್ನು ನೋಡುತ್ತಲೂ ಇರಲಿಲ್ಲ. ಅವಳ ತುಟಿಗಳು ಆಡುತ್ತಿದ್ದವು. ಅವನು ಬಿಟ್ಟ ಅಕ್ಷರದಿಂದಲೇ ಎತ್ತಿಕೊಂಡು ನಾಲ್ಕನೆಯ ಸಾಲನ್ನು ಮುಗಿಸಿದವು, ಐದನೆಯದಕ್ಕೆ ಹೋದವು; ಒಂದು ಅಕ್ಷರ ತಪ್ಪಿಲ್ಲ, ಒಂದು ಸದ್ದಿಲ್ಲ. ದುರ್ಗಮ್ಮ ಪೀಠದ ಕಡೆಯಿಂದ ಮುಖ ತಿರುಗಿಸಿ ಮಗಳ ಬಾಯಿಯನ್ನೇ ನೋಡುತ್ತಿದ್ದಳು. ಕನ್ನಡಕ ಸರಿಪಡಿಸಿಕೊಂಡು ನೋಡಿದಳು. ಆಮೇಲೆ, ಗುಟ್ಟು ಕೇಳುವವಳಂತೆ, ಬಾಗಿ ತನ್ನ ಕಿವಿಯನ್ನು ಆಡುತ್ತಿದ್ದ ಆ ತುಟಿಗಳ ಹತ್ತಿರಕ್ಕೆ ತಂದಳು. ಆರನೆಯ ಸಾಲು ಮುಗಿಯುವವರೆಗೂ ಹಾಗೇ ಇಟ್ಟುಕೊಂಡಿದ್ದಳು. ಕಿವಿ ತೆಗೆದು, ಅವತ್ತೂ ಕೆಟ್ಟದ್ದು ತನ್ನ ಕಿವಿಯಲ್ಲ ಎಂದು ಗೊತ್ತಾದವಳಂತೆ, ಇಷ್ಟು ಜನ ಬಿಕ್ಕುತ್ತಿದ್ದ ಜಾಗದಲ್ಲಿ ಒಣಗಿದ ಕಣ್ಣಿನಿಂದ, ಮೆಲ್ಲಗೆ ಅವನ ಕಡೆ ತಿರುಗಿದಳು.

ಸುಹಾಸನ ಮಾತು ಮುಗಿದಿತ್ತು. ಮೈಕು ಮತ್ತೆ ತ್ರ್ಯಂಬಕನ ಬಾಯಿಯ ಹತ್ತಿರ ಬಂದಿತ್ತು. ಮುಂದಿನ ಪದ್ಯ ಎತ್ತಿಕೊಳ್ಳಬೇಕಿತ್ತು. ಗಂಟಲು ತೆರೆದೇ ಇತ್ತು.